ಬಾರ್ಡರ್ ಶುಗರ್ ಮತ್ತು ಸಿರಿಧಾನ್ಯದ ತಟ್ಟೆ

ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಎಂದು ಬಂದರೆ ಡಾಕ್ಟರು ಹೇಳುವುದು ಎರಡೇ ಮಾತು: ‘ಬಾರ್ಡರ್‌ನಲ್ಲಿದೆ, ಊಟದಲ್ಲಿ ಕಂಟ್ರೋಲ್ ಮಾಡಿ.’ ಆ ವಾರದ ಸಾಮಾನಿನ ಚೀಟಿಯಿಂದ ಸೋನಾ ಮಸೂರಿ ಮಾಯವಾಗುತ್ತದೆ. ಅದರ ಜಾಗಕ್ಕೆ ನವಣೆ, ಸಾಮೆ, ಊದಲು ಬರುತ್ತವೆ. ಸಕ್ಕರೆ ಡಬ್ಬ ಅಟ್ಟ ಸೇರುತ್ತದೆ, ಬೆಲ್ಲದ ಡಬ್ಬ ಕೆಳಗಿಳಿಯುತ್ತದೆ. ರಾತ್ರಿ ಅನ್ನದ ಬದಲು ಎರಡು, ಮೂರು, ಹಸಿವಿದ್ದರೆ ನಾಲ್ಕು ಚಪಾತಿ. ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಮಧ್ಯಮವರ್ಗದ ಮನೆಗಳಲ್ಲಿ ಈ ಪಥ್ಯದ ಕ್ರಮ ಹೆಚ್ಚುಕಡಿಮೆ ಒಂದೇ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕಿ ಇದ್ದಲ್ಲೇ ಇದ್ದರೆ ದೂರು ಹೋಗುವುದು ಟೆನ್ಷನ್ನಿನ ಮೇಲೆ, ವಂಶದ ಮೇಲೆ, ಅದೂ ಸಾಲದಿದ್ದರೆ ಲ್ಯಾಬಿನ ಮೇಲೆ. ತಟ್ಟೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬಾರ್ಡರ್ ಎಂದರೆ ಇನ್ನೂ ಬೇಕಾದಷ್ಟು ಸಮಯವಿದೆ ಎಂಬ ಸಮಾಧಾನವೂ ಅಷ್ಟು ಸರಿಯಲ್ಲ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹಿಂದಿನ ಹಂತ, 6.5 ಮುಟ್ಟಿದರೆ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹಿಂದಿನ ಹಂತದಲ್ಲಿರುವವರು 13.6 ಕೋಟಿ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಇಂಥ 531 ಜನರನ್ನು ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಶೇಷ ಸಲಹೆಯಿಲ್ಲದೆ ಬಿಟ್ಟವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ ಈ ಸಂಖ್ಯೆ ಸುಮಾರು 39. ಅವರ ತೂಕ ಅಷ್ಟೇನೂ ಇಳಿದಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 2002ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅಪಾಯ ಶೇ 58ರಷ್ಟು ತಗ್ಗಿತ್ತು. ಅಲ್ಲಿನವರಿಗೆ ಶೇ 7ರಷ್ಟು ತೂಕ ಇಳಿಸುವ ಗುರಿ ಕೊಡಲಾಗಿತ್ತು. ಅಂದಮೇಲೆ ಊಟ ಬದಲಿಸಿದರೆ ಪ್ರಯೋಜನ ಉಂಟು ಎನ್ನುವುದರಲ್ಲಿ ತಕರಾರಿಲ್ಲ. ತಕರಾರಿರುವುದು ಏನನ್ನು ಬದಲಿಸಬೇಕು ಎಂಬುದರಲ್ಲಿ.

ಸಿರಿಧಾನ್ಯದ ಪರವಾಗಿ ಹೇಳುವ ಮಾತುಗಳನ್ನು ಮೊದಲು ಹೇಳಿಬಿಡಬೇಕು. ದನದ ಮೇವೋ ಹಕ್ಕಿಯ ಕಾಳೋ ಎಂದು ಪೇಟೆಯವರು ಮರೆತಿದ್ದ ನವಣೆ, ಸಾಮೆ, ಆರಕ, ಕೊರಲೆ, ಊದಲುಗಳನ್ನು ಮತ್ತೆ ಅಡುಗೆಮನೆಗೆ ತಂದವರಲ್ಲಿ ಮೈಸೂರಿನ ಡಾ. ಖಾದರ್ ಅವರ ಪಾತ್ರ ದೊಡ್ಡದು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಹೊರಬಂದ ವಿಶ್ಲೇಷಣೆಯೂ ಸಿರಿಧಾನ್ಯ ತಿಂದವರಲ್ಲಿ ಸಕ್ಕರೆ ಇಳಿದದ್ದನ್ನು ತೋರಿಸಿತು. ಅಕ್ಕಿಗಿಂತ ಅವು ಮೇಲು ಎನ್ನುವುದು ಬರಿಯ ನಂಬಿಕೆಯಲ್ಲ.

ಆದರೆ ಪ್ರಯೋಗದಲ್ಲಿ ಧಾನ್ಯವನ್ನು ಅಳೆದು ಕೊಡುತ್ತಾರೆ. ಮನೆಯಲ್ಲಿ ಅಳೆಯುವವರು ಯಾರು? ‘ಸಿರಿಧಾನ್ಯ ತಾನೇ, ಇನ್ನೊಂದು ಸೌಟು ಹಾಕಿಸ್ಕೊಳ್ಳಿ’ ಎನ್ನುವ ಉಪಚಾರದಲ್ಲಿ ಪಥ್ಯ ಅಲ್ಲೇ ಮುಗಿಯುತ್ತದೆ.

ರಾಗಿಯ ಲೆಕ್ಕವನ್ನೇ ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಬಿಳಿ ಅಕ್ಕಿಯಲ್ಲಿ 78. ನಾರಿನಲ್ಲಿ ರಾಗಿ ಬಹಳ ಮುಂದು: 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಕ್ಯಾಲ್ಸಿಯಮ್ಮಿನಲ್ಲಂತೂ ಅಕ್ಕಿ ರಾಗಿಯ ಹತ್ತಿರಕ್ಕೂ ಬರುವುದಿಲ್ಲ. ಪ್ರೋಟೀನಿನಲ್ಲಿ ಮಾತ್ರ ರಾಗಿ 7.2, ಅಕ್ಕಿ 7.9, ರಾಗಿ ತಿಂದರೆ ‘ಶಕ್ತಿ’ ಎಂದು ನಂಬಿದವರಿಗೆ ಇದನ್ನು ಹೇಳಿದರೆ ಜಗಳಕ್ಕೇ ಬರುತ್ತಾರೆ. ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೆ ಒಳಗೆ ಹೋದ ಪಿಷ್ಟ ನೂರು ಗ್ರಾಂ ಅಕ್ಕಿಯ ಅನ್ನಕ್ಕಿಂತ ಬಹಳವೇನೂ ಕಡಿಮೆಯಲ್ಲ. ಅದೇ ರಾಗಿಯನ್ನು ಮೊಳಕೆ ಕಟ್ಟಿ, ನುಣ್ಣಗೆ ಬೀಸಿ, ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿದರೆ ಅಗಿಯುವ ಕೆಲಸವೂ ಉಳಿಯದೆ ಸಕ್ಕರೆ ಬೇಗ ಏರುತ್ತದೆ. ಬೆಲ್ಲದಲ್ಲಿ ಖನಿಜಾಂಶ ಒಂದಿಷ್ಟು ಇರಬಹುದು, ಆದರೆ ಅದರ ಬಹುಪಾಲು ಸಕ್ಕರೆಯೇ.

ಧಾನ್ಯ ಬದಲಿಸುವ ಈ ಪದ್ಧತಿಗೆ ಬಲವಾದ ಪೆಟ್ಟು ಕೊಟ್ಟದ್ದು ಇಂಡಿಯಾಬ್ ತಂಡವೇ 2025ರಲ್ಲಿ ಪ್ರಕಟಿಸಿದ ಆಹಾರ ಸಮೀಕ್ಷೆ. 18 ಸಾವಿರಕ್ಕೂ ಹೆಚ್ಚು ವಯಸ್ಕರ ಊಟದ ಮಾಹಿತಿ ಅದರಲ್ಲಿತ್ತು. ಭಾರತೀಯರ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದ ಬರುತ್ತದೆ, ಪ್ರೋಟೀನಿನಿಂದ ಬರುವುದು ಶೇ 12 ಮಾತ್ರ. ಬಿಳಿ ಅಕ್ಕಿಯಂಥವುಗಳ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು ಲೆಕ್ಕ ಹಾಕಿದಾಗ ಅಪಾಯ ತಗ್ಗಿದ್ದು ಕಾಣಲಿಲ್ಲ. ಒಟ್ಟು ಕ್ಯಾಲೊರಿಯಲ್ಲಿ ಶೇ 5ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ತೆಗೆದು ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಕಂಡಿತು. ಇದು ಒಂದು ಸಲದ ಸಮೀಕ್ಷೆ, ವರ್ಷಗಟ್ಟಲೆ ನಡೆಸಿದ ಪ್ರಯೋಗವಲ್ಲ; ಹಾಗಾಗಿ ಕೊನೆಯ ತೀರ್ಪೆಂದು ಹಿಡಿಯಬೇಕಿಲ್ಲ. ಅದರ ದಿಕ್ಕು ಮಾತ್ರ ಸ್ಪಷ್ಟ. ಧಾನ್ಯದ ಜಾತಿಗಿಂತ ಅದರ ಪ್ರಮಾಣ ಮುಖ್ಯ, ಅದರ ಪಕ್ಕದಲ್ಲಿ ಏನಿದೆ ಎಂಬುದೂ ಅಷ್ಟೇ ಮುಖ್ಯ.

ಪಕ್ಕದಲ್ಲಿ ಏನಿದೆ ಎಂದು ನೋಡಿದರೆ ಕರ್ನಾಟಕದ ಊಟಗಳೆಲ್ಲ ಒಂದೇ ಅಲ್ಲ. ಮಂಡ್ಯದ ಕಡೆ ಮುದ್ದೆಯ ಜೊತೆ ಬಸ್ಸಾರು, ಉಪ್ಸಾರು. ಕಾಳಿನ ಕಟ್ಟು ಸಾರಿಗೆ ಹೋಗುತ್ತದೆ, ಬಸಿದ ಕಾಳು ಸೊಪ್ಪು ಪಲ್ಯವಾಗಿ ತಟ್ಟೆಯ ಅಂಚಿನಲ್ಲಿ ಒಂದು ಚಮಚ ಕೂರುತ್ತದೆ. ಮುದ್ದೆ ಮುಗಿದ ಮೇಲೆ ‘ಮಜ್ಜಿಗೆಗೆ ಒಂಚೂರು’ ಅನ್ನ ಬರದೆ ಇರುವುದಿಲ್ಲ. ಇಲ್ಲಿ ತಿದ್ದಬೇಕಾದ್ದು ಸ್ವಲ್ಪವೇ: ಮುದ್ದೆ ಅರ್ಧವಾಗಲಿ, ಪಲ್ಯ ಬಟ್ಟಲು ತುಂಬಲಿ, ಆ ಒಂಚೂರು ಅನ್ನ ಉಳಿಯಲಿ. ವಿಜಯಪುರದ ತಟ್ಟೆ ಇದಕ್ಕಿಂತ ವಾಸಿ. ಜೋಳದ ರೊಟ್ಟಿಯ ಸುತ್ತ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು, ಹಸಿ ಮೆಂತ್ಯ, ಮೂಲಂಗಿ. ಎಷ್ಟು ರೊಟ್ಟಿ ಎಂಬುದೊಂದೇ ಅಲ್ಲಿನ ಪ್ರಶ್ನೆ. ಕರಾವಳಿಯಲ್ಲಿ ಕುಚ್ಚಲಕ್ಕಿಯೂ ಮೀನೂ ಇವೆ. ಆದರೂ ಗಂಜಿಯ ಬಟ್ಟಲು ದೊಡ್ಡದು, ಮೀನಿನ ತುಂಡು ಚಿಕ್ಕದು.

ಮದುವೆಮನೆಯ ಎಲೆಯ ತುದಿಗೆ ಮೊದಲು ಬಡಿಸುವ ಕೋಸಂಬರಿಯನ್ನೂ ಇಲ್ಲಿ ನೆನೆಯಬೇಕು. ನ್ಯೂಯಾರ್ಕಿನಲ್ಲಿ 2015ರಲ್ಲಿ 11 ಮಧುಮೇಹಿಗಳ ಮೇಲೆ ನಡೆದ ಸಣ್ಣ ಪ್ರಯೋಗವೊಂದರಲ್ಲಿ ತರಕಾರಿ, ಮಾಂಸ ಮೊದಲು ತಿಂದು ಬ್ರೆಡ್ಡು ಕೊನೆಗೆ ತಿಂದಾಗ, ಊಟ ಅದೇ ಆಗಿದ್ದರೂ ಸಕ್ಕರೆಯ ಏರಿಕೆ ಗಣನೀಯವಾಗಿ ತಗ್ಗಿತು. ನಮ್ಮ ಎಲೆಯ ಕ್ರಮ ಸರಿಯಾಗಿಯೇ ಇದೆ. ಬಡಿಸುವ ಚಮಚ ಚಿಕ್ಕದು.

ಪೇಟೆ ಇದನ್ನೆಲ್ಲ ಕಾಯುತ್ತ ಕೂರುವುದಿಲ್ಲ. ನವಣೆ ನೂಡಲ್ಸ್, ರಾಗಿ ಕುಕೀಸ್, ಸಾಮೆ ಚಕ್ಕುಲಿ ಎಲ್ಲವೂ ‘ಡಯಾಬಿಟಿಕ್ ಫ್ರೆಂಡ್ಲಿ’. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ತಿರುಗಿಸಿ ಓದಿದರೆ ಎಷ್ಟೋ ಸಲ ಮೈದಾ, ಸಕ್ಕರೆ, ಎಣ್ಣೆಯ ಹಿಂದೆ ರಾಗಿ ಸರದಿಯಲ್ಲಿ ನಿಂತಿರುತ್ತದೆ. ಸಕ್ಕರೆಗೆ ಬದಲಾದ ಸಿಹಿಗುಳಿಗೆಗಳನ್ನೂ ತೂಕ ಇಳಿಸಲೆಂದು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗಲ್ಲ, ಬಾರ್ಡರ್‌ನಲ್ಲಿರುವವರಿಗೆ ಅನ್ವಯಿಸುತ್ತದೆ.

ಇನ್ನೊಂದು ಲೋಪ ಅಡುಗೆಮನೆಯದು. ಗಂಡನಿಗೆ ಬಾರ್ಡರ್ ಎಂದಾಗ ಒಲೆಯ ಮೇಲೆ ಇನ್ನೊಂದು ಕುಕ್ಕರ್ ಏರುತ್ತದೆ: ಮಕ್ಕಳಿಗೆ ಅನ್ನ, ಅವರಿಗೆ ಸಾಮೆ. ಹೆಂಡತಿಗೆ ಬಾರ್ಡರ್ ಎಂದಾಗ ಯಾವ ಕುಕ್ಕರೂ ಏರುವುದಿಲ್ಲ. ಎಲ್ಲರ ಊಟ ಮುಗಿದ ಮೇಲೆ ತಳದಲ್ಲಿ ಉಳಿದ ಅನ್ನಕ್ಕೆ ಉಳಿದ ಸಾರು, ಅದೇ ಅವಳ ಪಥ್ಯ. ಪಲ್ಯ ಅಷ್ಟು ಹೊತ್ತಿಗೆ ಖಾಲಿ. ಒಬ್ಬರಿಗಾಗಿ ಧಾನ್ಯ ಬದಲಿಸುವ ಪದ್ಧತಿ ಈ ಏರ್ಪಾಟನ್ನು ಮುಟ್ಟುವುದೇ ಇಲ್ಲ. ಕಾಳು, ತರಕಾರಿ ಇಡೀ ಮನೆಗೆ ಹೆಚ್ಚಾದರೆ ಎರಡನೆಯ ಕುಕ್ಕರ್ ಬೇಡವಾಗುತ್ತದೆ, ಅವಳ ತಟ್ಟೆಗೂ ಪಲ್ಯ ಉಳಿಯುತ್ತದೆ.

ಖರ್ಚಿನ ಮಾತೂ ಇದೆ. ಪಡಿತರದಲ್ಲಿ ಅಕ್ಕಿ ಬರುತ್ತದೆ, ಹಳೇ ಮೈಸೂರಿನ ಕಡೆ ರಾಗಿ, ಉತ್ತರದಲ್ಲಿ ಜೋಳ ಬರುವುದೂ ಉಂಟು. ಕಾಳನ್ನು ಮಾತ್ರ ಬಹುಪಾಲು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರಬೇಕು. ತೊಗರಿಬೇಳೆಯ ಬೆಲೆ ಏರಿದ ತಿಂಗಳು ಸಾರು ತೆಳ್ಳಗಾಗುವ ಮನೆಗೆ ಪ್ರೋಟೀನ್ ಹೆಚ್ಚಿಸಿ ಎನ್ನುವುದು ಸುಲಭದ ಸಲಹೆಯಲ್ಲ. ಅಂಥ ಮನೆಗೆ ಹುರುಳಿಕಾಳು, ಶೇಂಗಾ, ಮೊಟ್ಟೆ ಇವೆ. ಹಿಂದಿನ ರಾತ್ರಿ ಒಂದು ಬಟ್ಟಲು ಹುರುಳಿ ನೆನೆಹಾಕಿದರೆ ಬೆಳಿಗ್ಗೆಯ ಸಾರಿಗೂ ಆಯಿತು, ಪಲ್ಯಕ್ಕೂ ಆಯಿತು.