ಟ್ಯೂಷನ್ ತಾಸಿನಲ್ಲಿ ಮಾತಾಡಿದವರು ಯಾರು?

ಬಾಗಲಕೋಟೆ ಜಿಲ್ಲೆಯಲ್ಲಿ ಇಂಗ್ಲಿಷ್ ಟ್ಯೂಷನ್ ಮೂರು ಬಗೆಯಲ್ಲಿ ಸಿಗುತ್ತದೆ. ಮೊದಲನೆಯದು ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗರ ಸಂಜೆ ಟ್ಯೂಷನ್. ನವನಗರದ ಮನೆಗಳ ವರಾಂಡದಲ್ಲೋ ಇಳಕಲ್ಲಿನ ಓಣಿಯೊಂದರ ಮಾಳಿಗೆ ಮೇಲೋ ಇದು ನಡೆಯುತ್ತದೆ. ಎರಡನೆಯದು, ಇಷ್ಟೇ ದಿನದಲ್ಲಿ ನಿರರ್ಗಳವಾಗಿ ಮಾತಾಡಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಮೂರನೆಯದು ಮನೆಗೆ ಬಂದು ಇಲ್ಲವೇ ಫೋನಿನ ವಿಡಿಯೊದಲ್ಲಿ ಒಬ್ಬರಿಗೇ ಹೇಳುವ ಪಾಠ. ಮೂರಕ್ಕೂ ಜನ ಹೊಟ್ಟೆಬಟ್ಟೆ ಕಟ್ಟಿ ದುಡ್ಡು ಕೊಡುತ್ತಾರೆ. ಮೂರರಿಂದಲೂ ಬಯಸುವುದು ಒಂದನ್ನೇ: "ನಮ್ಮ ಹುಡುಗಗ ನಾಕ್ ಮಂದ್ಯಾಗ ಇಂಗ್ಲಿಷ್ ಮಾತಾಡಾಕ ಬರಬೇಕ್ರಿ ಸರ." ಈ ಬಯಕೆಯನ್ನೇ ಅಳತೆಗೋಲು ಮಾಡಿಕೊಂಡರೆ ಇವುಗಳ ಬೆಲೆ ಕಟ್ಟುವುದು ಕಷ್ಟವೇನಲ್ಲ. ಒಂದು ತಾಸಿನಲ್ಲಿ ಕಲಿಯುವವರು ಎಷ್ಟು ಹೊತ್ತು ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರು, ಅವರ ತಪ್ಪನ್ನು ಕಿವಿಗೊಟ್ಟು ಕೇಳಿ ತಿದ್ದುವವರು ಇದ್ದರೇ ಎಂದು ನೋಡಿದರೆ ಸಾಕು.

ಈ ಹಸಿವಿಗೊಂದು ಹಿನ್ನೆಲೆಯಿದೆ. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಲ್ಲಿನ ಸರ್ಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ದೂಡಿತ್ತು. ಮುಂದೆ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಕಲಿಸುವುದು ರೂಢಿಯಾಯಿತು. 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ತೆರೆದವು. ಕಲಿಸುವ ವರ್ಷಗಳು ಹೆಚ್ಚಿದಷ್ಟು ಆಡುವ ಮಾತು ಹೆಚ್ಚಲಿಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗಿ ಬ್ಯಾಂಕಿನ ಕಸ್ಟಮರ್ ಕೇರಿನವರು ಇಂಗ್ಲಿಷಿನಲ್ಲಿ ಶುರು ಮಾಡಿದೊಡನೆ ಫೋನನ್ನು ಅಣ್ಣನ ಕೈಗೆ ಕೊಡುತ್ತಾಳೆ. ಟ್ಯೂಷನ್ ಬೆಳೆದದ್ದು ಈ ಸಂದಿನಲ್ಲಿ.

ಮೊದಲ ಬಗೆಯ ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಪಾಠ ಆರ್.ಕೆ. ನಾರಾಯಣರ 'ಎ ಹೀರೋ'. ಚಾಪೆಯ ಮೇಲೆ ಮೂವತ್ತರ ಹತ್ತಿರ ಹುಡುಗರು. ಸರ್ ಒಂದು ವಾಕ್ಯ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿದ ಸ್ವಾಮಿ ಕತ್ತಲಲ್ಲಿ ಕಳ್ಳನ ಕಾಲಿಗೆ ಬಾಯಿ ಹಾಕುವಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಾರೆ. ನಗು ಬಂದದ್ದು ಕನ್ನಡ ಕೇಳಿ. "ಸಾಕ್ ಸಾಕು, ಬರಕೊಳ್ರಿ" ಎಂದು ಸರ್ ಪ್ರಶ್ನೋತ್ತರಕ್ಕೆ ಇಳಿಯುತ್ತಾರೆ. ಉಳಿದ ಹೊತ್ತೆಲ್ಲ ಪೆನ್ನಿನದು. ಆ ನಗುವಿನ ಗಳಿಗೆಯಲ್ಲೇ, ನಿನಗೆ ಕತ್ತಲೆಂದರೆ ಅಂಜಿಕೆಯೇ, ರಾತ್ರಿ ಎಲ್ಲಿ ಮಲಗುತ್ತೀ, ಕಳ್ಳ ಬಂದರೆ ಏನು ಮಾಡುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರೆ ನಾಲ್ಕಾರು ಮಕ್ಕಳಾದರೂ ತೊದಲಿಯಾದರೂ ಉತ್ತರ ಕೊಡುತ್ತಿದ್ದರು. ಅಂಥದೊಂದು ಪ್ರಶ್ನೆಯೂ ಬರಲಿಲ್ಲ.

ತಪ್ಪನ್ನೆಲ್ಲ ಮಾಸ್ತರರ ತಲೆಗೆ ಕಟ್ಟುವುದು ಸರಿಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಬರವಣಿಗೆಗೆ, ಉಳಿದ 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಪತ್ರ, ಪ್ರೊಫೈಲು, ಪದ್ಯದ ಬಾಯಿಪಾಠ, ಸಾರಾಂಶ ಎಲ್ಲಕ್ಕೂ ಅಚ್ಚು ಸಿದ್ಧವಿದೆ. ಸಂಭಾಷಣೆ ಕೂಡ ಕಾಗದದ ಮೇಲೆಯೇ ನಡೆಯುತ್ತದೆ. ಪಾಲಕರು ಜೂನಿನಲ್ಲಿ ಮಾತಿನ ಆಸೆ ಹೇಳಿಕೊಂಡು ಬರುತ್ತಾರೆ, ಮಾರ್ಚಿನಲ್ಲಿ ಅಂಕ ಕೇಳುತ್ತಾರೆ. ಪರೀಕ್ಷೆ ದಾಟಿಸುವ ಕೆಲಸವನ್ನು ಈ ಟ್ಯೂಷನ್ ಚೆನ್ನಾಗಿಯೇ ಮಾಡುತ್ತದೆ. ಅದನ್ನು ಭಾಷೆ ಕಲಿಸುವುದೆಂದು ಕರೆದುಕೊಳ್ಳುವಲ್ಲಿ ಮಾತ್ರ ತಕರಾರು.

ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಭರವಸೆ ಹೆಸರಿನಲ್ಲೇ ಇದೆ. ಅದಕ್ಕೆ ಸಲ್ಲಬೇಕಾದ ಶ್ರೇಯವನ್ನು ಮೊದಲು ಕೊಡೋಣ: ನಾಲ್ಕು ಜನರ ಮುಂದೆ ಎದ್ದು ನಿಲ್ಲುವ ಧೈರ್ಯವನ್ನು ಅದು ಕೊಡುತ್ತದೆ. ಹಳ್ಳಿಯಿಂದ ದಿನಾ ಬಸ್ಸು ಹತ್ತಿ ಬರುವ ಡಿಗ್ರಿ ಹುಡುಗಿಯರಿಗೆ ಇದು ಸಣ್ಣ ಲಾಭವಲ್ಲ. ಆದರೆ ಧೈರ್ಯ ಬಂದಮೇಲೆ ಆಡುವುದೇನನ್ನು? ಮೊದಲ ವಾರದಲ್ಲಿ 'ಮೈಸೆಲ್ಫ್' ಎಂದು ಶುರುವಾಗುವ ಪರಿಚಯ ಬಾಯಿಗೆ ಬರುತ್ತದೆ: ಹೆಸರು, ತಂದೆಯ ಹೆಸರು, ಊರು, ಹವ್ಯಾಸ. ನಿಮ್ಮೂರ ಕಡೆ ಈ ಸಲ ಮಳೆ ಹೇಗಿದೆ ಎಂದು ನಡುವೆ ಕೇಳಿದರೆ ಗಾಡಿ ನಿಲ್ಲುತ್ತದೆ. ಮುಂದಿನ ವಾರಗಳನ್ನು ಹನ್ನೆರಡು ಟೆನ್ಸುಗಳ ಕೋಷ್ಟಕ ನುಂಗುತ್ತದೆ. 'ಇದ್ದೆ' ಬಂದರೆ 'ಹ್ಯಾಡ್' ಹಾಕಿರಿ ಎಂಬ ಸೂತ್ರ ಬರೆಸಿದ ಫಲವಾಗಿ, 'ನಿನ್ನೆ ಬಾದಾಮಿಗೆ ಹೋಗಿದ್ದೆ' ಎನ್ನಬೇಕಾದ ಹುಡುಗ 'ಐ ಹ್ಯಾಡ್ ಗಾನ್ ಟು ಬಾದಾಮಿ' ಎನ್ನುತ್ತಾನೆ. ಅಲ್ಲಿ 'ಐ ವೆಂಟ್' ಸಾಕು. ಈ ತಪ್ಪು ಕೋಷ್ಟಕ ನೋಡಿದರೆ ಸಿಕ್ಕುವುದಲ್ಲ. ಹುಡುಗ ನಿನ್ನೆಯ ಸುದ್ದಿ ಹೇಳುವಾಗ ಯಾರಾದರೂ ಕೇಳುತ್ತ ಕೂತಿದ್ದರೆ ಮಾತ್ರ ಸಿಗುತ್ತದೆ.

ಹೀಗೆ ಕೂತು ಕೇಳುವ ಅನುಕೂಲ ಇರುವುದು ಮೂರನೆಯ ಬಗೆಯಲ್ಲಿ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ, ಒಬ್ಬ ಟ್ಯೂಟರನ ಬಳಿ ಕಲಿತ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯಲ್ಲಿ ಕಲಿತವರಲ್ಲಿ ಬಹುತೇಕ ಎಲ್ಲರನ್ನೂ ಮೀರಿಸಿದನೆಂದು ವಾದಿಸಿದ. ಆಮೇಲಿನ ಅಧ್ಯಯನಗಳು ಲಾಭ ಅಷ್ಟು ದೊಡ್ಡದಲ್ಲ ಎಂದಿವೆ. ಆದರೂ ಬ್ಲೂಮ್ ಹೇಳಿದ ಪ್ರಯೋಗದಲ್ಲಿ ಆಗಾಗ ಪರೀಕ್ಷಿಸಿ, ಅಲ್ಲಲ್ಲೇ ತಿದ್ದುವ ಕ್ರಮವಿತ್ತೆಂಬುದು ನಮಗೆ ಮುಖ್ಯ. ನಮ್ಮಲ್ಲಿ ಒಬ್ಬರಿಗೇ ಪಾಠ ಹೇಳುವವರೂ ಅನೇಕ ಸಲ ಮೂವತ್ತು ಜನರ ಪಾಠವನ್ನೇ ಒಬ್ಬನ ಮುಂದೆ ಒಪ್ಪಿಸುತ್ತಾರೆ. ಇದಕ್ಕೂ ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದೆನ್ನುತ್ತದೆ. ಹಾಗಾಗಿ ಪಾಠ ಹೇಳುವವರಲ್ಲಿ ಬಿ.ಎಡ್. ಮುಗಿಸಿ ನೇಮಕಾತಿಗೆ ಕಾದವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಬಹಳ. ತಾವು ಕಲಿತ ರೀತಿಯೊಂದೇ ಅವರಿಗೆ ಗೊತ್ತಿರುವುದು. ಆದರೆ ಕನ್ನಡ ಶಾಲೆಯಿಂದ ಬಂದು ಇಂಗ್ಲಿಷ್ ದಕ್ಕಿಸಿಕೊಂಡವರಾದ್ದರಿಂದ ಹುಡುಗ ಎಲ್ಲಿ ಎಡವುತ್ತಾನೆಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತು. ದೂರದ ಊರಿನ ಆ್ಯಪ್ ಟ್ಯೂಟರಿಗೆ ಇಲ್ಲದ ಬಂಡವಾಳ ಇದು.

ಬಾಯಿಪಾಠಕ್ಕೂ ಮಾತಿಗೂ ಇರುವ ಅಂತರ ಬಾದಾಮಿಯ ಗುಹೆಗಳ ಮುಂದೆ ಚೆನ್ನಾಗಿ ಕಾಣುತ್ತದೆ. ಮೊದಲ ಗುಹೆಯ ನಟರಾಜನಿಗೆ 18 ಕೈ, ಮೂರನೆಯ ಗುಹೆಯಲ್ಲಿ ಮಂಗಲೇಶ ಕೆತ್ತಿಸಿದ 578ರ ಶಾಸನ. ಹೊಸ ಗೈಡಿಗೆ ಇಷ್ಟೂ ಇಂಗ್ಲಿಷಿನಲ್ಲಿ ಉರು ಹೊಡೆದದ್ದು. ಕೆಂಪು ಕಲ್ಲು ಇಷ್ಟು ಮೆತ್ತಗೆ ಕೆತ್ತಿಸಿಕೊಂಡದ್ದು ಹೇಗೆ, ಮಂಗಗಳಿಗೆ ತಿನ್ನಲು ಕೊಡುವವರು ಯಾರು ಎಂದು ಪ್ರವಾಸಿ ಅಡ್ಡ ಪ್ರಶ್ನೆ ಹಾಕಿದಾಗ ಅವನು ತಡವರಿಸುತ್ತಾನೆ. ಆದರೆ ಮರುದಿನ ಮತ್ತೊಬ್ಬ ಅದನ್ನೇ ಕೇಳುತ್ತಾನೆ. ಹಿರಿಯ ಗೈಡು ಹೇಗೆ ಉತ್ತರಿಸಿದನೆಂದು ಇವನು ಕಿವಿಯಿಟ್ಟು ಕೇಳಿರುತ್ತಾನೆ. ಕೆಲವು ಹಂಗಾಮು ಕಳೆಯುವಷ್ಟರಲ್ಲಿ ವ್ಯಾಕರಣ ಅಲ್ಲಲ್ಲಿ ಮುಕ್ಕಾಗಿದ್ದರೂ ಎದುರಿನವರಿಗೆ ತಿಳಿಯುವ ಇಂಗ್ಲಿಷ್ ಅವನದಾಗಿರುತ್ತದೆ. ಟ್ಯೂಷನ್ನಿನಲ್ಲಿ ಇಲ್ಲದ್ದು ಈ ಅಡ್ಡ ಪ್ರಶ್ನೆ.

ಇದನ್ನು ತರಗತಿಗೆ ತರುವ ದಾರಿ ದಕ್ಷಿಣ ಭಾರತದಲ್ಲೇ ಸಿದ್ಧವಾದದ್ದು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಇಲ್ಲಿನ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾಗಿದೆ. ವ್ಯಾಕರಣದ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕಾಶೆಗಳನ್ನು ಕೊಟ್ಟು ಲೆಕ್ಕ ಬಿಡಿಸಿದಂತೆ ಇಂಗ್ಲಿಷಿನಲ್ಲಿ ಬಿಡಿಸಿರೆಂದು ಅವರು ಮಕ್ಕಳಿಗೆ ಹೇಳಿದರು. ಅದರ ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ; ಉಪಾಯದಲ್ಲಿ ಹುರುಳಿದೆ. ಬಾದಾಮಿಯಿಂದ ರೈಲಿನಲ್ಲಿ ಬಾಗಲಕೋಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹುನಗುಂದದ ಮೇಲೆ ಇಳಕಲ್ಲಿಗೆ ಹೋಗಬೇಕು, ರೈಲು ಒಂದು ತಾಸು ತಡ, ಈಗೇನು ಮಾಡುತ್ತೀ? ಈ ಒಂದು ಲೆಕ್ಕ ಟೆನ್ಸಿನ ಅರ್ಧ ಕೋಷ್ಟಕವನ್ನು ತಾನಾಗಿ ಎಳೆದು ತರುತ್ತದೆ.

ಇಳಕಲ್ಲಿನಲ್ಲಂತೂ ಪಠ್ಯ ಮಗ್ಗದ ಮೇಲೆಯೇ ಇದೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವುದು ಇಲ್ಲಿನ ಸೀರೆಯ ಗುರುತು. ಕನ್ನಡ ಬಾರದ ಗಿರಾಕಿ ಫೋನಿನಲ್ಲಿ ಕೇಳಿದರೆ ನೇಕಾರರ ಮಗಳು ಇದನ್ನು ಹೇಗೆ ಹೇಳಬೇಕು? 'ದಿಸ್ ಈಸ್ ಬಾಡಿ, ದಿಸ್ ಈಸ್ ಪಲ್ಲು' ಎಂದು ಶುರು ಮಾಡಿ ಅವಳು ತಡೆದು ನಿಂತಾಗ, ಬೇಕಾದ 'ಲೂಪ್', 'ಜಾಯಿನ್' ಮಾತುಗಳನ್ನು ಟ್ಯೂಟರ್ ಎತ್ತಿಕೊಡಬೇಕು. ಬೇಕೆನಿಸಿದ ಹೊತ್ತಿಗೆ ಸಿಕ್ಕ ಪದ ಮರೆಯುವುದಿಲ್ಲ.

ಪಾಠದಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆಂದು ಕನ್ನಡ ಆಡಿದವರಿಗೆ ದಂಡ ಹಾಕುವ ಕ್ಲಾಸುಗಳಿವೆ. ಇದು ಹುಸಿ ಶಿಸ್ತು. ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಹಲವು ವರ್ಷಗಳಿಂದ ಪದ್ಯವಾಗಿ ಕೂತಿರುವ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂಬ ವರದಿಯ ಸಮಿತಿಗೆ ಅಧ್ಯಕ್ಷರಾಗಿದ್ದವರೂ ಅವರೇ. ಎರಡಕ್ಕೂ ಜಗಳವಿದೆಯೆಂದು ಅವರು ತಿಳಿಯಲಿಲ್ಲ. ಅರ್ಥವಾಗದ್ದನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಬಿಡಿಸಿ, ಉಳಿದ ಹೊತ್ತನ್ನು ಹುಡುಗನ ಇಂಗ್ಲಿಷಿಗೆ ಬಿಟ್ಟುಕೊಡುವುದು ಜಾಣತನ. ಇಡೀ ತಾಸು ಸರ್ ಒಬ್ಬರೇ ಇಂಗ್ಲಿಷ್ ಆಡಿದರೂ ಕಲಿಯುವವನ ಬಾಯಿಗೆ ಬರುವುದು ಸೊನ್ನೆಯೇ.

ಹಾಗಾಗಿ ಫೀ ಕಟ್ಟುವ ಮೊದಲು ಪಾಲಕರು ಬೋರ್ಡಿನ ದಿನಗಳನ್ನಾಗಲಿ, ಹೋದ ವರ್ಷದ ಅಂಕಗಳನ್ನಾಗಲಿ ನೋಡಬೇಕಿಲ್ಲ. ಒಂದು ದಿನ ಬಾಗಿಲ ಬಳಿ ಕೂತು ಪಾಠ ಕೇಳಲಿ. ಅಪ್ಪ-ಅವ್ವನಿಗೆ ಇಂಗ್ಲಿಷ್ ಬರದಿದ್ದರೂ ಮಾತಾಡುತ್ತಿರುವ ದನಿ ಮಗುವಿನದೋ ಸರ್ ಅವರದೋ ಎಂಬುದು ತಿಳಿಯುತ್ತದೆ. ಬರೀ ಸರ್ ದನಿಯೇ ಕೇಳಿಸಿದರೆ ಆ ದುಡ್ಡನ್ನು ಕಡಿಮೆ ಮಕ್ಕಳಿರುವ ಬೇರೆ ಕಡೆ ಕಟ್ಟುವುದು ಮೇಲು.