ಒಲೆಯ ರುಚಿ ಯಾರ ಲೆಕ್ಕಕ್ಕೆ?

ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ (2021) ಬಂದಾಗ ನಾವೆಲ್ಲ ಹೆಚ್ಚು ಮಾತಾಡಿದ್ದು ಮುಟ್ಟು, ಮಡಿ, ಶಬರಿಮಲೆಗಳ ಬಗ್ಗೆ. ನನಗೆ ಈಗಲೂ ಮುಖ್ಯವೆನಿಸುವುದು ಅದರ ಅನ್ನದ ಪ್ರಸಂಗ. ಹೊಸ ಸೊಸೆ ಕುಕ್ಕರಿನಲ್ಲಿ ಅನ್ನ ಮಾಡುತ್ತಾಳೆ. ಮಾವ ಗದರುವುದಿಲ್ಲ, ತಟ್ಟೆ ತಳ್ಳುವುದಿಲ್ಲ. ಅನ್ನವನ್ನು ಸೌದೆ ಒಲೆಯ ಮೇಲೆ ಮಾಡಿದರೆ ಚೆನ್ನ ಎಂದು ಮೆತ್ತಗೆ ಹೇಳುತ್ತಾನೆ, ಅಷ್ಟೆ. ಗ್ಯಾಸ್ ಇರುವ ಮನೆ ಅದು. ಆ ಮೆತ್ತಗಿನ ಮಾತಿನಿಂದ ಅವಳ ದಿನದ ಕೆಲಸ ಮತ್ತಷ್ಟು ಉದ್ದವಾಗುತ್ತದೆ.

ಈ ಮಾವ ನಮಗೆ ಅಪರಿಚಿತನಲ್ಲ. ಊರು ಬಿಟ್ಟ ನಾವು ಬರೆಯುವ ಪ್ರಬಂಧಗಳಲ್ಲಿ ಅವನು ಸಾಕಷ್ಟು ಸಲ ಲೇಖಕನಾಗಿಯೇ ಬಂದಿದ್ದಾನೆ. ಅಜ್ಜಿಮನೆ, ಮಣ್ಣಿನ ಒಲೆ, ಕೆಂಡದ ಬೆಳಕು, ಸಾರಿನ ಘಮ ಎಲ್ಲವೂ ಅಲ್ಲಿರುತ್ತವೆ. ಬರೆಯುವವರು ಮಾತ್ರ ಯಾವಾಗಲೂ ತಟ್ಟೆಯ ಮುಂದೆ ಕೂತಿರುತ್ತಾರೆ. ಇಂಥ ಬರಹ ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಊದುಗೊಳವೆ ಯಾರ ಕೈಯಲ್ಲಿದೆ?

ರುಚಿಯ ವಾದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕುಕ್ಕರಿನಲ್ಲಿ ಅಳತೆಯ ನೀರೆಲ್ಲ ಅಕ್ಕಿಯೊಳಗೇ ಸೇರುತ್ತದೆ. ತೆರೆದ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಕುದಿಸಿ ಗಂಜಿ ಬಸಿದರೆ ಪಿಷ್ಟದ ಒಂದು ಪಾಲು ಹೊರಗೆ ಹೋಗಿ ಅಗುಳು ಬಿಡಿಬಿಡಿಯಾಗುತ್ತದೆ. ಇದನ್ನು ಗ್ಯಾಸಿನ ಮೇಲೂ ಮಾಡಬಹುದು. ಹೊಗೆಯ ಘಮ ನಿಜವಾಗಿ ಹಿಡಿಯುವುದು ಬೆಂಕಿಗೆ ಮೈಯೊಡ್ಡಿದ ಪದಾರ್ಥಗಳಿಗೆ: ಸುಟ್ಟ ಬದನೆಕಾಯಿ, ಕೆಂಡದ ಮೇಲಿನ ಹಪ್ಪಳ, ಕೆಂಡಕ್ಕೆ ಆನಿಸಿ ಉಬ್ಬಿಸಿದ ರೊಟ್ಟಿ. ಕೆಂಪೇರಿದ ಹಾಲಿನ ದಪ್ಪ ಕೆನೆಗೆ ಕಾರಣ ಗಂಟೆಗಟ್ಟಲೆಯ ಸಣ್ಣ ಶಾಖ. ಅಂದರೆ ನಾವು ಹೊಗಳುವ ‘ಒಲೆಯ ರುಚಿ’ಯಲ್ಲಿ ಸೌದೆಯ ಪಾಲಿಗಿಂತ ಸಮಯದ ಪಾಲು ದೊಡ್ಡದು. ಆ ಸಮಯ ಯಾರ ಟೈಮ್‌ಶೀಟಿನಲ್ಲೂ ಬಂದದ್ದಲ್ಲ.

ಚಿತ್ರ ಇದನ್ನು ಭಾಷಣವಿಲ್ಲದೆ ಹೇಳುತ್ತದೆ. ಮೊದಲಿಗೆ ಹೆಚ್ಚುವುದು, ಕರಿಯುವುದು, ಒಗ್ಗರಣೆ ಹಾಕುವುದು ಎಲ್ಲ ನಮಗೂ ಹಸಿವಾಗುವಷ್ಟು ಹತ್ತಿರದಿಂದ ಕಾಣುತ್ತವೆ. ಹಿನ್ನೆಲೆ ಸಂಗೀತದ ಆಸರೆಯಿಲ್ಲದೆ ಪಾತ್ರೆಗಳ ಸದ್ದೇ ಕೇಳುತ್ತದೆ. ಅದೇ ದೃಶ್ಯಗಳು ಮತ್ತೆ ಮತ್ತೆ ಬಂದಂತೆ ನಮ್ಮ ಹಸಿವು ಇಳಿಯುತ್ತದೆ. ಉಣ್ಣುವವರ ಜಾಗದಲ್ಲಿದ್ದ ನಾವು ಮೆಲ್ಲಗೆ ತೊಳೆಯುವವಳ ಜಾಗಕ್ಕೆ ಸರಿದಿರುತ್ತೇವೆ.

ಆದರೆ ಚಿತ್ರಕ್ಕೂ ಒಂದು ಮಿತಿಯಿದೆ. ಇಲ್ಲಿ ಸೌದೆ ಒಲೆ ಗಂಡಸಿನ ಇಷ್ಟಕ್ಕೆ ಉರಿಯುವಂಥದ್ದು. ಸಿಲಿಂಡರ್ ತುಂಬಿಸಲು ಕಾಸಿಲ್ಲದೆ ಪುಳ್ಳೆ ಆರಿಸಿ ತರುವ ಹೆಂಗಸಿನ ಒಲೆ ಬೇರೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಬಳಕೆಯ ಇಂಧನಗಳಿಂದಾಗುವ ವಾಯುಮಾಲಿನ್ಯಕ್ಕೆ ಜಗತ್ತಿನಲ್ಲಿ ಬಲಿಯಾದವರು ಸುಮಾರು 32 ಲಕ್ಷ. ಆ ಹೊಗೆಗೆ ಮಾವನ ಹಟವೊಂದೇ ಕಾರಣವಲ್ಲ, ಬಡತನವೂ ಕಾರಣ.

ಕನ್ನಡಕ್ಕೆ ಇನ್ನೊಂದು ನೋಟ ಗೊತ್ತಿಲ್ಲವೆಂದಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿಯರ ಮನೆವಾರ್ತೆಯಲ್ಲಿ ದುಡಿಮೆಯೇ ಎದ್ದು ಕಾಣುತ್ತದೆ, ವೈದೇಹಿಯವರು ಅಡುಗೆಮನೆಯನ್ನು ಒಳಗೆ ನಿಂತೇ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮೂರು ಪಾತ್ರೆಗಳನ್ನಿಡುವ, ಹೊಗೆಕೊಳವೆಯಿರುವ ಒಲೆಯನ್ನು ರೂಪಿಸಿತು. ಒಲೆಯ ಮುಂದೆ ಕೂತವಳ ಕಣ್ಣು, ಎದೆಗಳ ಬಗ್ಗೆ ಯೋಚಿಸಿದ ಕೆಲಸವದು. ನಮ್ಮ ನೆನಪಿನ ಪ್ರಬಂಧಗಳು ಇದೆಲ್ಲದರಿಂದ ಏನನ್ನೂ ಕಲಿತಂತಿಲ್ಲ.

ಪುಣೆಯ ಹೊರವಲಯದ ಊಟದ ಮನೆಗಳ ಮುಂದೆ ಈಗ ‘ಚುಲೀವರಚ ಜೇವಣ್’ ಎಂಬ ಬೋರ್ಡುಗಳಿವೆ, ಒಲೆಯ ಮೇಲಿನ ಊಟ ಎಂದರ್ಥ. ಅಲ್ಲಿ ನಾವು ಆ ರುಚಿಗೆ ದುಡ್ಡು ಕೊಡುತ್ತೇವೆ, ಜಿಎಸ್‌ಟಿ ಹಾಕಿದರೆ ಅದನ್ನೂ ಕೊಡುತ್ತೇವೆ. ಮನೆಯಲ್ಲಿ ಅದೇ ರುಚಿಗೆ ಬಿಲ್ಲಿರಲಿಲ್ಲ; ಅದನ್ನು ಪ್ರೀತಿ ಎಂದು ಕರೆದು ಸುಮ್ಮನಾದೆವು. ಪ್ರೀತಿ ಇತ್ತು, ನಿಜ. ಆದರೆ ಅದರ ಪಕ್ಕದಲ್ಲೇ ಕೆಮ್ಮೂ ಇತ್ತು. ಒಲೆಯ ಬಗ್ಗೆ ಒಳ್ಳೆಯ ಕನ್ನಡ ಬರಹ ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿಯಬೇಕು.