ಲೆದರ್ ಅಂದ್ರೆ ಹವ್ಯಾಸ, ತೊಗಲು ಅಂದ್ರೆ ಕಸುಬು

ಕೈಯಲ್ಲಿ ಹೊಲಿದ ಲೆದರ್ ಬ್ಯಾಗು ಎದುರಿಗೆ ಬಂದರೆ ನೀವು ಮೊದಲು ಏನು ನೋಡ್ತೀರಿ? ಬಣ್ಣ ನೋಡ್ತೀರಿ, ಮೂಸಿ ನೋಡ್ತೀರಿ, ಆಮೇಲೆ ಬೆಲೆ ಚೀಟಿ ತಿರುಗಿಸಿ ಸುಮ್ಮನೆ ವಾಪಸ್ ಇಡ್ತೀರಿ. ನಾನೂ ಹಾಗೇ ಮಾಡ್ತಿದ್ದೆ. ಈಗ ಮೊದಲು ಬ್ಯಾಗಿನ ಬಾಯಿ ತೆಗೆದು ಒಳಗೆ ಕೈ ಹಾಕ್ತೀನಿ. ಹೆಗಲಿನ ಬಾರು ಬಂದು ಬ್ಯಾಗಿನ ಮೈಗೆ ಸೇರುತ್ತಲ್ಲ, ಆ ಜಾಗದ ಒಳಮೈಯನ್ನು ಬೆರಳಲ್ಲಿ ತಡವಿ ನೋಡ್ತೀನಿ. ಬ್ಯಾಗಿನ ಹಣೆಬರಹ ಇರೋದು ಅಲ್ಲಿ.

ಮೊನ್ನೆ ಬೆಂಗಳೂರಿನ ಒಂದು ವಾರಾಂತ್ಯದ ಮೇಳದಲ್ಲಿ ಹೀಗೆ ಸಾಲಾಗಿ ಕೈ ಹಾಕುತ್ತಾ ಹೋದೆ. ಹವ್ಯಾಸಕ್ಕೆ ಅಂತ ಲೆದರ್ ಕೆಲಸ ಮಾಡುವವರದೇ ಒಂದು ಸಾಲು ಇತ್ತು. ಹಗಲು ಸಾಫ್ಟ್‌ವೇರು, ಬ್ಯಾಂಕು, ಕಾಲೇಜು, ಭಾನುವಾರ ಲೆದರು. ನಾನೂ ಅದೇ ಪೈಕಿ. 2020ರ ಲಾಕ್‌ಡೌನಿನಲ್ಲಿ ಕೆಲವರು ಮನೆಯಲ್ಲೇ ಬ್ರೆಡ್ ಸುಡೋದು ಕಲಿತರು, ಕೆಲವರು ತಾರಸಿ ಮೇಲೆ ಟೊಮೆಟೊ ಬೆಳೆದರು, ನಾನು ಎರಡು ಸೂಜಿ ಹಿಡಿದು ಕೂತೆ. ಹಾಗಾಗಿ ಮುಂದೆ ಬರುವ ಬೈಗುಳದಲ್ಲಿ ಅರ್ಧ ಪಾಲು ನನ್ನದೇ ಅಂತ ತಿಳಿದುಕೊಂಡು ಓದಿ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಅಲ್ಲಿ ಒಬ್ಬ ನಿವೃತ್ತ ಮೇಡಮ್ಮು ಮಾಡಿದ ಕನ್ನಡಕದ ಚೀಲ ಇತ್ತು. ಒಂದೇ ತುಂಡು ಚರ್ಮ, ಒಂದೇ ಮಡಿಕೆ, ಒಂದೇ ಸಾಲು ಹೊಲಿಗೆ. ಗುಂಡಿ ಇಲ್ಲ, ಹಿತ್ತಾಳೆ ಇಲ್ಲ, ಅಚ್ಚು ಇಲ್ಲ. ಚರ್ಮದ ಸ್ವಂತ ಬಿಗಿಯಲ್ಲೇ ಕನ್ನಡಕ ಜಾರದೆ ನಿಲ್ಲುತ್ತಿತ್ತು. ಬ್ಯಾಗು ಮಾಡುವವರೆಲ್ಲ ಆ ಚೀಲದ ಮುಂದೆ ಹತ್ತು ನಿಮಿಷ ನಿಲ್ಲಬೇಕಿತ್ತು. ಯಾರೂ ನಿಲ್ಲಲಿಲ್ಲ, ಯಾಕಂದ್ರೆ ಅದರಲ್ಲಿ ತೋರಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಉಳಿದ ಬ್ಯಾಗುಗಳ ಕಾಯಿಲೆ ಬಹುತೇಕ ಒಂದೇ: ದಪ್ಪ. ಮೂರು, ಮೂರೂವರೆ ಮಿಲಿಮೀಟರಿನ ಚರ್ಮವನ್ನು ಮುಂದೆ, ಹಿಂದೆ, ಪಕ್ಕೆಗೆ, ಒಳಜೇಬಿಗೆ, ಎಲ್ಲಕ್ಕೂ ಹಾಕಿದ್ದಾರೆ. ದಪ್ಪ ಇದ್ದರೆ ಗಟ್ಟಿ ಅಂತ ನಂಬಿಕೆ. ನನ್ನ ಮೊದಲ ಬ್ಯಾಗು ಖಾಲಿ ಇದ್ದಾಗಲೇ ಒಂದು ಕೆಜಿ ನಾನೂರು ಗ್ರಾಂ ತೂಗುತ್ತಿತ್ತು. ಅದಕ್ಕೆ ಊಟದ ಡಬ್ಬಿ, ನೀರಿನ ಬಾಟಲು ಸೇರಿಸಿ ಬಿಎಂಟಿಸಿ ಬಸ್ಸಿನಲ್ಲಿ ನೇತಾಡಿ ನೋಡಿ, ಹೆಗಲಿಗೆ ಗೊತ್ತಾಗುತ್ತೆ. ಕಸುಬುದಾರರು ಎರಡು ತುಂಡು ಸೇರುವ ಕಡೆ, ಮಡಿಚುವ ಕಡೆ ಚರ್ಮದ ಒಳಮೈಯನ್ನು ಹೆರೆದು ತೆಳ್ಳಗೆ ಮಾಡ್ತಾರೆ. ಅದಕ್ಕೆ ಅಗಲ ಬಾಯಿಯ ರಂಪಿಗೆ ಬೇಕು, ಅದನ್ನು ಮಸೆಯೋಕೆ ಬರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದುಬಾರಿ ಚರ್ಮವನ್ನು ಹಾಳು ಮಾಡುವ ಧೈರ್ಯ ಬೇಕು. ಫೋಟೋದಲ್ಲಿ ಹೆರೆದಿದ್ದು ಕಾಣೋದಿಲ್ಲವಲ್ಲ, ಹಾಗಾಗಿ ನಾವು ಹೆರೆಯೋದಿಲ್ಲ.

ಕಾಣೋದು ಹೊಲಿಗೆ. ಕಪ್ಪು ಚರ್ಮಕ್ಕೆ ಬಿಳಿ ದಾರ, ಕಂದು ಚರ್ಮಕ್ಕೆ ಕೆಂಪು ದಾರ. ಈ ಲೋಕದಲ್ಲಿ ದೊಡ್ಡ ಹೆಸರು ಮಾಡಿರೋದು 'ಸ್ಯಾಡಲ್ ಸ್ಟಿಚ್', ಅಂದರೆ ಕುದುರೆ ಜೀನು ಹೊಲಿಯುವವರ ಹೊಲಿಗೆ. ಒಂದೇ ದಾರ, ಎರಡೂ ತುದಿಗೆ ಸೂಜಿ. ಒಂದೊಂದು ತೂತಿನಲ್ಲೂ ಎರಡು ಸೂಜಿ ಎದುರುಬದುರಾಗಿ ದಾಟಬೇಕು. ಮೆಷಿನ್ನಿನ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬರೀ ಕೊಂಡಿ ಹಾಕಿಕೊಂಡಿರ್ತವೆ, ಒಂದು ಕಡೆ ಹರಿದರೆ ಮುಂದಕ್ಕೆ ಬಿಚ್ಚಿಕೊಳ್ಳುತ್ತಾ ಹೋಗಬಹುದು. ಜೀನಿನ ಹೊಲಿಗೆ ಒಂದು ಕಡೆ ಹರಿದರೂ ಉಳಿದಿದ್ದು ನಿಲ್ಲುತ್ತೆ. ಇದು ನಿಜವೇ. ಆದರೆ ಇದನ್ನೇ ಜಪ ಮಾಡ್ತಾ ಇನ್ನೊಂದು ನಿಜ ಮರೀತೀವಿ. ಬ್ಯಾಗು ಸಾಯೋದು ದಾರ ಹರಿದು ಅಲ್ಲ, ಚರ್ಮ ಹರಿದು. ಚೆನ್ನಾಗಿ ಕಾಣಲಿ ಅಂತ ಮೂರು ಮಿಲಿಮೀಟರಿಗೊಂದು ತೂತು, ಅದೂ ಅಂಚಿಗೆ ತೀರಾ ಹತ್ತಿರ ಹಾಕಿದರೆ ಅಂಚೆಚೀಟಿಯ ಹಾಳೆ ತಯಾರಾಗುತ್ತೆ. ಭಾರ ಬಿದ್ದ ದಿನ ನೀಟಾಗಿ ಹರಿದುಕೊಳ್ಳುತ್ತೆ.

ನನ್ನದು ಹಾಗೇ ಹರೀತು. ಬಾರು ಕಿತ್ತು ಬಂದಾಗ ದಾರ ಒಂದೆಳೆಯೂ ಹರಿದಿರಲಿಲ್ಲ, ಚರ್ಮವನ್ನೇ ಕಿತ್ತುಕೊಂಡು ಬಂದಿತ್ತು. ನಮ್ಮ ಬಡಾವಣೆಯ ಬಸ್‌ಸ್ಟಾಪಿನ ಪಕ್ಕ ಹೊಂಗೆಮರದ ಕೆಳಗೆ ಚಪ್ಪಲಿ ಹೊಲಿಯುವವರೊಬ್ಬರು ಕೂರ್ತಾರೆ. ಅವಸರ ಇತ್ತು, ಅವರ ಹತ್ರ ತಗೊಂಡು ಹೋದೆ.

ತಿರುಗಿಸಿ ತಿರುಗಿಸಿ ನೋಡಿದರು. "ಮೆಷಿನ್ ಥರಾನೇ ಬಂದಿದೆ ಸಾರ್, ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

ನನಗೆ ಎದೆಗೆ ಒದ್ದ ಹಾಗಾಯ್ತು. ಮೆಷಿನ್ ಥರ ಕಾಣಬಾರದು ಅಂತ ತಾನೇ ಇಷ್ಟು ಪಾಡು! "ನಾನೇ ಹೊಲಿದಿದ್ದು ಯಜಮಾನ್ರೆ" ಅಂದೆ.

"ಎಷ್ಟು ದಿನ ಹಿಡೀತು?"

"ನಾಲ್ಕು ಭಾನುವಾರ."

"ನಾಲ್ಕು ಭಾನುವಾರ ಕಳೆಯೋದ್ರೊಳಗೆ ನಾನು ಮನೆ ಬಾಡಿಗೆ ದುಡೀಬೇಕು ಸಾರ್" ಅಂತ ನಕ್ಕರು. ಆಮೇಲೆ ಬಾರನ್ನು ಎಳೆದು ನೋಡಿ, "ಇದು ಹೊಟ್ಟೆ ಕಡೇದು" ಅಂದರು. ಬೆನ್ನಿನ ಉದ್ದಕ್ಕೆ ಕತ್ತರಿಸಿದ ಚರ್ಮ ಬಿಗಿಯಾಗಿ ನಿಲ್ಲುತ್ತೆ, ಹೊಟ್ಟೆ ಭಾಗದ್ದು ಹಿಗ್ಗುತ್ತೆ, ಬಾರಿಗೆ ಆಗಿಬರಲ್ಲ. ಪುಸ್ತಕದಲ್ಲಿ ಓದಿದ್ದೆ, ತುಂಡು ಮಿಕ್ಕಿತ್ತು ಅಂತ ಬಳಸಿದ್ದೆ. ಅವರು ಒಳಗಡೆ ಒಂದು ಹಳೇ ಚರ್ಮದ ತುಂಡು ಇಟ್ಟು, ಅಂಚಿಂದ ದೂರ ಸರಿದು, ದೊಡ್ಡ ದೊಡ್ಡ ಹೊಲಿಗೆ ಹಾಕಿದರು. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಉಳಿ. ಚುಚ್ಚೋದು, ಕೆಳಗಿನಿಂದ ದಾರದ ಕುಣಿಕೆ ಎಳೆಯೋದು, ಇನ್ನೊಂದು ತುದಿಯನ್ನು ಆ ಕುಣಿಕೆಯಲ್ಲಿ ತೂರಿಸಿ ಬಿಗಿಯೋದು. ಹತ್ತು ನಿಮಿಷ, ಅರವತ್ತು ರೂಪಾಯಿ. ಲೆಕ್ಕ ಹಾಕಿದರೆ ಇದು ಮೆಷಿನ್ನು ಹಾಕುವ ಕೊಂಡಿ ಹೊಲಿಗೆಯದೇ ಜಾತಿ. ನಾವು ಕೀಳು ಅಂತ ಮೂಗು ಮುರಿಯುವಂಥದ್ದು. ಮೂರು ವರ್ಷ ಆಯ್ತು, ಅಲ್ಲಾಡಿಲ್ಲ. ನೋಡೋಕೆ ಚೆನ್ನಾಗಿಲ್ಲ, ಅದನ್ನೂ ಹೇಳಬೇಕು. ಅಂಚು ಒರಟು, ದಾರ ನೈಲಾನು. ಅಂಚನ್ನು ಮೇಣ ಹಾಕಿ ಉಜ್ಜಿ ಗಾಜಿನ ಹಾಗೆ ಮಾಡೋದರಲ್ಲಿ ನಾನು ಅವರಿಗಿಂತ ಮೇಲು. ಅದಕ್ಕೆ ಅವರಿಗೆ ಯಾರೂ ದುಡ್ಡು ಕೊಡಲ್ಲ, ಅಷ್ಟೇ.

ಈಗ ಮೇಳಕ್ಕೆ ವಾಪಸ್ ಬರೋಣ. ಅಲ್ಲಿನ ಚೀಟಿಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕಂಡವು. ಒಂದು, 'ಪರಿಸರಸ್ನೇಹಿ, ವೆಜಿಟಬಲ್ ಟ್ಯಾನ್ಡ್'. ಒಬ್ಬ ಅಜ್ಜಿ ಪಾಪ, ಹಾಗಾದ್ರೆ ಇದು ಸಸ್ಯಾಹಾರಿ ಬ್ಯಾಗಾ ಅಂತ ಕೇಳಿದರು. ಹುಡುಗ ನಕ್ಕ, ಆದರೆ ಉತ್ತರ ಹೇಳಲಿಲ್ಲ. ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ ಅಂತ ಅದರ ಅರ್ಥ. ನಮ್ಮ ಕಡೆ ಆವರಿಕೆ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ. ಆವರಿಕೆಗೆ ಕೆಲವು ಊರಲ್ಲಿ ತಂಗಡಿ ಅಂತಾರೆ, ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತೆ. ಇಂದು ಹೆಚ್ಚಿನ ಚರ್ಮವನ್ನು ಹದ ಮಾಡೋದು ಕ್ರೋಮಿಯಂ ಲವಣದಲ್ಲಿ, ಅದು ಬೇಗ ಆಗುತ್ತೆ. ತೊಗಟೆ ಹದ ಅದಕ್ಕಿಂತ ಮೇಲು ಅಂತಲೇ ಇಟ್ಟುಕೊಳ್ಳೋಣ. ಆದರೂ ತೊಗಟೆ ನೀರೂ ಕಪ್ಪಗೆ ನಾರುವ ನೀರೇ, ಅದೂ ಎಲ್ಲೋ ಹರಿದು ಹೋಗಲೇಬೇಕು. ಪಾಲಾರ್ ನದಿ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುತ್ತೆ. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಚರ್ಮದ ಕಾರ್ಖಾನೆಗಳು ಆ ನದಿಗೆ, ಬಾವಿಗಳಿಗೆ ಏನು ಮಾಡಿದವು ಅನ್ನೋದು 1996ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯ್ತು. ನಮ್ಮ ಕೈಗೆ ಬರುವಾಗ ಚರ್ಮ ಸುರುಳಿ ಸುತ್ತಿ, ಘಮ್ಮೆನ್ನುತ್ತಾ ಬರುತ್ತೆ. ಕೊಳಕೆಲ್ಲ ಬೇರೆಯವರ ಊರಲ್ಲಿ ಇಳಿದುಹೋಗಿರುತ್ತೆ. 'ಪರಿಸರಸ್ನೇಹಿ' ಅಂತ ಚೀಟಿ ಬರೆಯೋಕೆ ಹಾಗಾಗಿ ಕಷ್ಟ ಆಗಲ್ಲ.

ಎರಡನೇ ಮಾತು, 'ಅಳಿದುಹೋದ ಕಲೆಯ ಪುನರುಜ್ಜೀವನ'. ಇದು ನನಗೆ ಸಿಟ್ಟು ತರಿಸೋದು. ಯಾವ ಕಲೆ ಅಳೀತು ಸ್ವಾಮಿ? ಕಪಿಲೆ ಹೊಡೀತಿದ್ದ ಕಾಲದಲ್ಲಿ ಬಾವಿಯಿಂದ ನೀರು ಎತ್ತುತ್ತಿದ್ದ ತೊಗಲಿನ ಚೀಲವನ್ನು ನೆನಪಿಸಿಕೊಳ್ಳಿ. ಎರಡೆತ್ತು ಎಳೆಯುವಷ್ಟು ನೀರಿನ ಭಾರ, ಹೊಲಿಗೆ ಸೋರಬಾರದು, ಬಿಸಿಲು ನೀರು ಎರಡಕ್ಕೂ ಜಗ್ಗಬಾರದು. ಅದಕ್ಕಿಂತ ಕಷ್ಟದ ಬ್ಯಾಗನ್ನು ನಮ್ಮಲ್ಲಿ ಯಾರು ಮಾಡಿದ್ದೀವಿ? ಪಂಪ್‌ಸೆಟ್ಟು ಬಂತು, ಕಪಿಲೆ ಹೋಯ್ತು, ಹೊಲಿದ ಕೈ ಹೊಂಗೆಮರದ ಕೆಳಗೆ ಬಂದು ಕೂತಿತು. ಅವರ ಮಕ್ಕಳು ಈ ಕೆಲಸ ಬೇಡ ಅಂದರೆ ಅದಕ್ಕೆ ಕಾರಣ ಕಲೆಯ ಮೇಲಿನ ಅಸಡ್ಡೆ ಅಲ್ಲ. 2016ರ ಜುಲೈಯಲ್ಲಿ ಗುಜರಾತಿನ ಉನಾದಲ್ಲಿ ಸತ್ತ ದನದ ಚರ್ಮ ಸುಲಿದರು ಅಂತ ದಲಿತ ಹುಡುಗರನ್ನು ಬೀದಿಯಲ್ಲಿ ಕಟ್ಟಿಹಾಕಿ ಹೊಡೆದರು. ಅದೇ ಚರ್ಮವನ್ನು ತೇಗದ ಮೇಜಿನ ಮೇಲೆ ಹಾಸಿಕೊಂಡರೆ ನನ್ನಂಥವನಿಗೆ ಸಿಗೋದು ಲೈಕು.

ನಮ್ಮ ಮನೆಯಲ್ಲೇ ನೋಡಿ. ಮೊದಲ ಸಲ ಚರ್ಮದ ಸುರುಳಿ ತಂದಾಗ ಅಮ್ಮ, "ಅದನ್ನ ಅಡುಗೆಮನೆ ಕಡೆ ತರಬೇಡ, ತೊಗಲು" ಅಂದಿದ್ದರು. ಬ್ಯಾಗು ಆದ ಮೇಲೆ ನೆಂಟರು ಬಂದರೆ ಅವರೇ ತಂದು ತೋರಿಸೋದು: "ನನ್ನ ಮಗ ಮಾಡಿದ್ದು, ಪ್ಯೂರ್ ಲೆದರ್." ತೊಗಲು ಯಾವಾಗ ಲೆದರ್ ಆಯ್ತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ದೇವರಮನೆ ಪಕ್ಕದಲ್ಲೇ ಇರುವ ತಾತನ ಮೃದಂಗದವರೆಗೂ ಮಾತು ಹೋಗ್ತಿತ್ತು. ಮೃದಂಗ ಮಾಡುವವರ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕಛೇರಿಯಲ್ಲಿ ಕಿವಿ ತುಂಬುವ ನಾದಕ್ಕೆ ಚರ್ಮ ಹದ ಮಾಡಿದ ಕೈ ಯಾರದು ಅಂತ ಕೇಳುವ ಪುಸ್ತಕ. ಬ್ಯಾಗಿನ ಬಗ್ಗೆ ಬರೆಯುವವರು ಆ ಕಡೆ ತಲೆ ಹಾಕಿದ್ದು ನಾನು ಕಂಡಿಲ್ಲ.

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದೇ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳದೆ ಬಿಟ್ಟಾಗ ನಮ್ಮ ಗುಂಪುಗಳಲ್ಲಿ ಏನು ಕೋಪ! ನ್ಯಾಯವೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಎಲ್ಲರೂ ಅಥಣಿಯ ಹೆಸರು ಹೇಳಿದ್ದೇ ಹೇಳಿದ್ದು. ಪ್ರಾಡಾ ಆಮೇಲೆ ಒಪ್ಪಿಕೊಂಡಿತು ಅನ್ನಿ. ಹಾಗೆ ಕೂಗಾಡಿದ ನಮ್ಮ ಬ್ಯಾಗುಗಳ ಮೇಲೆ ಏನಿದೆ? ಮೇಳದ ಒಂದೊಂದು ಬ್ಯಾಗಿನ ಮೂಲೆಯಲ್ಲೂ ಕಾಯಿಸಿ ಒತ್ತಿದ ಅಚ್ಚು, ಇಂಗ್ಲಿಷ್ ಅಕ್ಷರದಲ್ಲಿ ಮಾಡಿದವರ ಹೆಸರು. ಹದ ಮಾಡಿದ ಊರಿನ ಹೆಸರು ಎಲ್ಲೂ ಇಲ್ಲ.

ಅಚ್ಚು ಅಂದಾಗ ನನಗೆ ಮಾದಾರ ಚೆನ್ನಯ್ಯ ನೆನಪಾಗ್ತಾನೆ. ಬಸವಣ್ಣ ತನ್ನ ಅಪ್ಪ ಅಂತ ಕರೆದುಕೊಂಡವನು. ಅವನ ವಚನಗಳ ಅಂಕಿತ ನೋಡಿ, ಅದರೊಳಗೆ ಕೈಯುಳಿ ಇದೆ, ಕತ್ತಿ ಇದೆ, ಅಡಿಗೂಟ ಇದೆ. ತನ್ನ ಮುದ್ರೆಯಲ್ಲಿ ಅವನು ಹಾಕಿಕೊಂಡಿದ್ದು ಸಲಕರಣೆಗಳನ್ನು. ನಾನು ಸಾವಿರದೆಂಟುನೂರು ರೂಪಾಯಿ ಕೊಟ್ಟು ಮಾಡಿಸಿದ ಹಿತ್ತಾಳೆ ಅಚ್ಚಿನಲ್ಲಿ ನನ್ನ ಇನಿಶಿಯಲ್ಲು, ಅದರ ಕೆಳಗೆ 'ಬೆಂಗಳೂರು' ಇದೆ. ಅದು ಸದ್ಯಕ್ಕೆ ಡ್ರಾಯರಿನಲ್ಲಿದೆ.

ಹಾಗಂತ ಹವ್ಯಾಸಿಗಳು ಸೂಜಿ ಬಿಸಾಕಬೇಕು ಅಂತ ನಾನು ಹೇಳ್ತಿಲ್ಲ. ಈ ಕೆಲಸ ಯಾವ ಜಾತಿಯ ಕೈಯಲ್ಲಾದರೂ ಇರಲಿ, ಇರಬೇಕು ಕೂಡ. ಆದರೆ ಮಾಡಿದ ವಸ್ತುವನ್ನು ವಸ್ತುವಿನ ಹಾಗೆ ತೂಗಿ ನೋಡಿ. ಖಾಲಿ ಬ್ಯಾಗು ಎಷ್ಟು ಭಾರ? ಬಾರು ಬೆನ್ನಿನದೋ ಹೊಟ್ಟೆಯದೋ? ಆಷಾಢದ ಥಂಡಿಯಲ್ಲಿ ಬೂಷ್ಟು ಹಿಡಿದರೆ ಏನು ಮಾಡಬೇಕು ಅಂತ ಚೀಟಿಯಲ್ಲಿ ಬರೆದಿದ್ದೀರೋ, ಇಲ್ಲಾ ಯಾವುದೋ ಒಣ ದೇಶದ ಸಲಹೆಯನ್ನು ನಕಲು ಮಾಡಿದ್ದೀರೋ? ಹರಿದರೆ ಬೀದಿಯಲ್ಲಿ ಕೂತವರು ಬಿಚ್ಚಿ ಹೊಲಿಯುವ ಹಾಗಿದೆಯೋ, ಇಲ್ಲಾ ಅಂಟು ಹಾಕಿ ಮುಚ್ಚಿಬಿಟ್ಟಿದ್ದೀರೋ? ಇಷ್ಟು ಕೇಳಿಕೊಂಡರೆ ಮೇಳದ ಅರ್ಧ ಮೇಜು ಖಾಲಿಯಾಗುತ್ತೆ.

ಹೋದ ತಿಂಗಳು ಕೊಕ್ಕೆ ಉಳಿಯ ಹೊಲಿಗೆ ಕಲಿಸಿಕೊಡಿ ಅಂತ ಯಜಮಾನರನ್ನು ಕೇಳಿದೆ. "ಅದಕ್ಕೇನು, ಬನ್ನಿ ಕೂತ್ಕಳಿ" ಅಂದರು. ಫುಟ್‌ಪಾತಿನ ಮೇಲೆ ಗೋಣಿತಟ್ಟು ಹಾಸಿದರು. ಕೂತೆ. ರಸ್ತೆಗೆ ಬೆನ್ನು ಮಾಡಿ ಕೂತಿದ್ದೀನಿ ಅಂತ ಸ್ವಲ್ಪ ಹೊತ್ತಿನ ಮೇಲೆ ನನಗೇ ಗೊತ್ತಾಯ್ತು. ಐದಾರು ಹೊಲಿಗೆ ಹಾಕಿರಬೇಕು, ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಹಾಲು ತಗೊಂಡು ಬರ್ತಾ ನಿಂತರು. "ಏನ್ ಸಾರ್, ಇಲ್ಲಿ ಕೂತಿದೀರಾ?"

"ಏನಿಲ್ಲ, ಚಪ್ಪಲಿ ಹೊಲಿಸ್ತಾ ಇದೀನಿ" ಅಂದೆ. ಉಳಿ ನನ್ನ ಕೈಯಲ್ಲೇ ಇತ್ತು.

ಅವರು ಹೋದರು. ಯಜಮಾನರು ಏನೂ ಅನ್ನಲಿಲ್ಲ. ನನ್ನ ಕೈಯಿಂದ ತುಂಡನ್ನು ಇಸ್ಕೊಂಡು, ಬೆಳಕಿಗೆ ಹಿಡಿದು ನೋಡಿ, ಹಾಕಿದ್ದ ಹೊಲಿಗೆಯನ್ನೆಲ್ಲ ಬಿಚ್ಚಿದರು. "ಕುಣಿಕೆ ಸಡಿಲ ಬಂದಿದೆ, ಇನ್ನೊಂದ್ಸಲ ಹಾಕಿ" ಅಂದರು.